ಗಂಗಾಮೂಲದಿಂದ ಗುಲ್ಬರ್ಗಕ್ಕೆ: ನೆಮ್ಮದಿ ಹುಡುಕುತ್ತಾ ಹೊರಟ ಪಂಡಿತಾ ರಮಾಬಾಯಿ

ಕಲಬುರಗಿ: ಮುಂಬೈ ಕಡೆ ರೈಲು ಹತ್ತುವ ನಮ್ಮ ಮಂದಿಗೆ ಸೊಲ್ಲಾಪುರ ಗೊತ್ತು, ದೌಂಡ್ ಗೊತ್ತು, ಪುಣೆ ಗೊತ್ತು. ದೌಂಡ್ ದಾಟಿದ ಮೇಲೆ, ಪುಣೆ ಬರುವುದಕ್ಕೆ ಮೊದಲು ಕೇಡಗಾಂವ್ ಅಂತ ಒಂದು ಸಣ್ಣ ಸ್ಟೇಷನ್ ಇದೆ. ಬಹಳ ಗಾಡಿಗಳು ಅಲ್ಲಿ ನಿಲ್ಲೋದಿಲ್ಲ, ಕಿಟಕಿಯಿಂದ ಬೋರ್ಡು ಕಂಡಷ್ಟೇ ಭಾಗ್ಯ. ನೂರಿಪ್ಪತ್ತು ವರ್ಷದ ಹಿಂದೆ ಈ ಊರಿನ ಹೆಸರು ಲಂಡನ್, ಬೋಸ್ಟನ್‌ವರೆಗೂ ಗೊತ್ತಿತ್ತು. ಅಲ್ಲಿ ಒಬ್ಬ ವಿಧವೆ ಹೆಣ್ಣುಮಗಳು ಸುಮಾರು ಒಂದೂವರೆ ಸಾವಿರ ಜನಕ್ಕೆ ಅನ್ನ, ಅಕ್ಷರ, ಕಸುಬು ಕೊಡುತ್ತಿದ್ದರು. ಅವರೇ ಪಂಡಿತಾ ರಮಾಬಾಯಿ.

ಮಹಾರಾಷ್ಟ್ರದವರು ಅಂತ ಎಲ್ಲರೂ ತಿಳಿದಿರುವ ಈ ರಮಾಬಾಯಿ ಹುಟ್ಟಿದ್ದು ಕನ್ನಡ ನೆಲದಲ್ಲಿ. ಬದುಕಿನ ಕೊನೆಯ ಭಾಗದಲ್ಲಿ ಅವರು ಒಂದು ಹೈಸ್ಕೂಲ್ ತೆರೆದದ್ದು ನಮ್ಮ ಗುಲ್ಬರ್ಗದಲ್ಲಿ. ಈ ಎರಡು ತುದಿಗಳ ನಡುವೆ ಇರುವುದು ಮನಸ್ಸಿಗೆ ನೆಮ್ಮದಿ ಎಲ್ಲಿ ಸಿಗುತ್ತದೆ ಅಂತ ಹುಡುಕಿ, ಸಿಕ್ಕ ಮೇಲೂ ಸುಮ್ಮನೆ ಕೂರದ ಒಬ್ಬ ಹೆಣ್ಣುಮಗಳ ಕಥೆ.

ಕಾಡಿನಲ್ಲಿ ಹುಟ್ಟು, ದಾರಿಯಲ್ಲಿ ಪಾಠ

ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವ ಗಂಗಾಮೂಲ ಪಶ್ಚಿಮ ಘಟ್ಟದ ದಟ್ಟ ಕಾಡು. ಅಲ್ಲಿ 1858ರ ಏಪ್ರಿಲ್ 23ರಂದು ರಮಾಬಾಯಿ ಹುಟ್ಟಿದರು. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳ ಕಡೆಯ ಮಾಳದವರು, ಸಂಸ್ಕೃತದ ದೊಡ್ಡ ವಿದ್ವಾಂಸರು. ಪುಣೆಯಲ್ಲಿ ಓದುತ್ತಿದ್ದಾಗ ಪೇಶ್ವೆ ಮನೆತನದ ಹೆಣ್ಣುಮಗಳು ಸಂಸ್ಕೃತ ಕಲಿಯುವುದನ್ನು ಕಂಡಿದ್ದ ಅವರಿಗೆ, ಹೆಣ್ಣಿಗೂ ಈ ವಿದ್ಯೆ ಬರಬೇಕು ಅನ್ನುವ ಹಠ. ಹೆಂಡತಿ ಲಕ್ಷ್ಮೀಬಾಯಿಗೆ ತಾವೇ ಕುಳಿತು ಸಂಸ್ಕೃತ ಕಲಿಸಿದರು. ಇದು ಊರಿನ ಮಂದಿಗೆ ಸರಿಬರಲಿಲ್ಲ. ಪಂಡಿತರ ಮುಂದೆ ನಿಂತು ಶಾಸ್ತ್ರದ ಆಧಾರ ಕೊಟ್ಟು ಸಮರ್ಥಿಸಿಕೊಂಡರೂ ಕಿರಿಕಿರಿ ತಪ್ಪಲಿಲ್ಲ. ಕೊನೆಗೆ ಗಂಗಾಮೂಲದ ಕಾಡಿಗೆ ಹೋಗಿ ಮನೆ ಕಟ್ಟಿಕೊಂಡರು.

ಬಂದವರಿಗೆಲ್ಲ ಊಟ, ಓದುವ ಹುಡುಗರಿಗೆಲ್ಲ ಜಾಗ. ಹಿಂಗಾಗಿ ಇದ್ದ ಆಸ್ತಿ ಕರಗಿತು. ರಮಾ ಆರು ತಿಂಗಳ ಕೂಸಿದ್ದಾಗ ಕುಟುಂಬ ಕಾಡು ಬಿಟ್ಟು ತೀರ್ಥಯಾತ್ರೆಗೆ ಹೊರಟಿತು. ಕೂಸನ್ನು ಬೆತ್ತದ ಪೆಟ್ಟಿಗೆಯಲ್ಲಿಟ್ಟು ಆಳಿನ ತಲೆಮೇಲೆ ಹೊರಿಸಿಕೊಂಡು ಘಟ್ಟ ಇಳಿದರು. ಅಲ್ಲಿಂದ ಮುಂದೆ ಮನೆ ಅಂತ ಒಂದು ಇರಲಿಲ್ಲ. ಗುಡಿಯ ಕಟ್ಟೆ ಮೇಲೆ ಕುಳಿತು ಪುರಾಣ ಓದುವುದು, ಕೇಳಿದವರು ಕೊಟ್ಟದ್ದರಲ್ಲಿ ಬದುಕುವುದು, ಮಿಕ್ಕಿದ್ದನ್ನು ದಾನ ಮಾಡುವುದು. ತಾಯಿಯೇ ಗುರು. ಬೆಳಗಿನ ಜಾವ ಮಗಳನ್ನು ಎಬ್ಬಿಸಿ ಶ್ಲೋಕ ಹೇಳಿಕೊಡುತ್ತಿದ್ದರು. ಹನ್ನೆರಡು ತುಂಬುವ ಹೊತ್ತಿಗೆ ಭಾಗವತದ 18,000 ಶ್ಲೋಕಗಳು ಹುಡುಗಿಯ ಬಾಯಲ್ಲಿದ್ದವು. ಊರೂರು ಸುತ್ತಿದ್ದರಿಂದ ಮರಾಠಿಯ ಜೊತೆಗೆ ಕನ್ನಡ, ಹಿಂದೂಸ್ತಾನಿ, ಮುಂದೆ ಬಂಗಾಳಿ ಹೀಗೆ ಹಲವು ಭಾಷೆಗಳು ತಾನಾಗೇ ಬಂದವು.

ಒಂದು ತುಂಡು ಸಜ್ಜಿ ರೊಟ್ಟಿ

1870ರ ದಶಕದಲ್ಲಿ ದಕ್ಷಿಣದ ಉದ್ದಕ್ಕೂ ಬರ ಬಿತ್ತು. ಪುರಾಣ ಕೇಳುವವರೇ ಹಸಿದು ಮಲಗಿದಾಗ ಪುರಾಣ ಓದುವವರಿಗೆ ಕೊಡುವವರು ಯಾರು? ಇದ್ದ ಹಣವೆಲ್ಲ ಪೂಜೆ, ವ್ರತ, ದಾನಕ್ಕೆ ಹೋಗಿತ್ತು. ಪಾತ್ರೆ, ಬಟ್ಟೆ, ಒಡವೆ ಒಂದೊಂದಾಗಿ ಮಾರಿ ಮುಗಿಯಿತು. ಶಾಸ್ತ್ರ ಓದಿದ ಕುಟುಂಬಕ್ಕೆ ಕೂಲಿ ಕೆಲಸ ಗೊತ್ತಿರಲಿಲ್ಲ, ಭಿಕ್ಷೆ ಬೇಡಲು ನಾಚಿಕೆ. ಕಾಡಿಗೆ ಹೋಗಿ ಎಲೆ, ಕಾಯಿ ತಿಂದು ದಿನ ದೂಡಿದರು. ತಂದೆ ಕೆರೆಗೆ ಬಿದ್ದು ಪ್ರಾಣ ಬಿಡುವ ನಿರ್ಧಾರಕ್ಕೂ ಬಂದಿದ್ದರು. ಮಗ ಶ್ರೀನಿವಾಸ ಕೂಲಿ ಮಾಡಿಯಾದರೂ ಸಾಕುತ್ತೇನೆ ಅಂದ ಮೇಲೆ ಆ ವಿಚಾರ ಬಿಟ್ಟರು. ಆದ್ರೆ ಹೊತ್ತು ಮೀರಿತ್ತು.

ಕೆಲವೇ ತಿಂಗಳ ಅಂತರದಲ್ಲಿ ತಂದೆ, ತಾಯಿ, ಅಕ್ಕ ಮೂವರೂ ಹೋದರು. ತಂದೆ ಸಾಯುವ ಮುನ್ನ ಕಿರಿಮಗಳನ್ನು ಹತ್ತಿರ ಕರೆದು, ನಿನ್ನನ್ನು ದೇವರ ಕೈಗೆ ಒಪ್ಪಿಸಿದ್ದೇನೆ, ಜೀವ ಇರುವವರೆಗೂ ಆತನ ಸೇವೆಯನ್ನೇ ಮಾಡು ಅಂತ ಹೇಳಿ ಹೋದರು. ರಮಾಬಾಯಿ ಈ ಮಾತನ್ನು ಬದುಕಿನ ಉದ್ದಕ್ಕೂ ಮರೆಯಲಿಲ್ಲ.

ತಾಯಿಯ ಸಾವು ಇನ್ನೂ ಕಠಿಣ. ಜ್ವರದಲ್ಲಿದ್ದ ತಾಯಿ ಒಂದು ತುಂಡು ಸಜ್ಜಿ ರೊಟ್ಟಿ ಕೇಳಿದರು. ನಮ್ಮ ಕಡೆ ಸಂಕ್ರಾಂತಿಗೆ ಎಳ್ಳು ಹಚ್ಚಿ ತಟ್ಟುವ ಅದೇ ಸಜ್ಜಿ ರೊಟ್ಟಿ. ಹದಿಹರೆಯದ ಹುಡುಗಿ ಪಕ್ಕದ ಮನೆಯ ಬಾಗಿಲಿಗೆ ಹೋಗಿ ನಿಂತರು. ಬೇಡಬೇಕು ಅಂತ ಬಾಯಿ ತೆರೆದರೆ ನಾಲಿಗೆ ಏಳಲಿಲ್ಲ, ಕಣ್ಣೀರು ಮಾತ್ರ ಬಂತು. ಮನೆಯಾಕೆ ಅರ್ಥ ಮಾಡಿಕೊಂಡು ರೊಟ್ಟಿ ಕೊಟ್ಟರು. ತಂದು ಕೊಟ್ಟಾಗ ತಾಯಿಗೆ ತಿನ್ನುವ ಶಕ್ತಿಯೇ ಉಳಿದಿರಲಿಲ್ಲ. ಹೆಣ ಹೊರಲು ಜನ ಸಾಲದೆ ಮಗಳೂ ಚಟ್ಟಕ್ಕೆ ಹೆಗಲು ಕೊಡಬೇಕಾಯಿತು. ಗಿಡ್ಡ ಇದ್ದದ್ದರಿಂದ ಹೆಗಲು ಮುಟ್ಟದೆ ತಲೆಯ ಮೇಲೆ ಹೊತ್ತು ನಡೆದರು.

ಉಳಿದದ್ದು ಅಣ್ಣ, ತಂಗಿ ಇಬ್ಬರೇ. ಸಾವಿರಾರು ಮೈಲಿ ಬರಿಗಾಲಲ್ಲಿ ನಡೆದರು. ಪಂಜಾಬ್, ಕಾಶ್ಮೀರದ ಚಳಿಗೆ ಹೊದೆಯಲು ಕಂಬಳಿ ಇರಲಿಲ್ಲ. ಝೇಲಂ ನದಿಯ ದಂಡೆಯಲ್ಲಿ ಮರಳಿನಲ್ಲಿ ಎರಡು ಗುಂಡಿ ತೋಡಿ, ತಲೆ ಮಾತ್ರ ಹೊರಗಿಟ್ಟು, ಒಣ ಮರಳು ಮೈಮೇಲೆ ಎಳೆದುಕೊಂಡು ರಾತ್ರಿ ಕಳೆದರು. ಹೋದ ತೀರ್ಥಕ್ಷೇತ್ರಗಳಿಗೆ ಲೆಕ್ಕವಿಲ್ಲ. ಮಾಡಿದ ಉಪವಾಸಕ್ಕೂ ಲೆಕ್ಕವಿಲ್ಲ. ಇಷ್ಟಾದರೂ ಒಳಗೆ ಶಾಂತಿ ಇಲ್ಲವಲ್ಲ ಅನ್ನುವ ಪ್ರಶ್ನೆ ಅಲ್ಲಿಂದಲೇ ಶುರುವಾಯಿತು.

ಪಂಡಿತಾ, ಸರಸ್ವತಿ, ವಿಧವೆ

1878ರಲ್ಲಿ ಇಬ್ಬರೂ ಕಲ್ಕತ್ತಾ ಮುಟ್ಟಿದರು. ಇಪ್ಪತ್ತು ವರ್ಷದ ಹುಡುಗಿ ಸಂಸ್ಕೃತದಲ್ಲಿ ನಿರರ್ಗಳ ಮಾತನಾಡುವುದನ್ನು ಕಂಡು ಅಲ್ಲಿನ ವಿದ್ವಾಂಸರು ಬೆರಗಾದರು. ಪಂಡಿತಾ, ಸರಸ್ವತಿ ಅನ್ನುವ ಬಿರುದುಗಳು ಬಂದವು. ಒಂದು ಕ್ರೈಸ್ತ ಕೂಟದಲ್ಲಿ ಯಾರೋ ಸಂಸ್ಕೃತ ಬೈಬಲ್ ಕೈಗಿಟ್ಟರು. ಓದಿದರೆ ತಲೆಬುಡ ತಿಳಿಯಲಿಲ್ಲ, ಪಕ್ಕಕ್ಕಿಟ್ಟರು. ಬ್ರಹ್ಮಸಮಾಜದ ಕೇಶವಚಂದ್ರ ಸೇನರು ವೇದ ಓದಲು ಹೇಳಿದರು. ಧರ್ಮಶಾಸ್ತ್ರಗಳನ್ನು ಆಳವಾಗಿ ಓದಿದಷ್ಟೂ ಅವರ ಕಳವಳ ಹೆಚ್ಚಿತು. ಹೆಣ್ಣಿಗೂ ಶೂದ್ರರಿಗೂ ನೇರ ದಾರಿ ಕಾಣುತ್ತಿಲ್ಲ ಅಂತ ಅವರಿಗೆ ಅನ್ನಿಸಿತು.

1880ರಲ್ಲಿ ಅಣ್ಣ ಢಾಕಾದಲ್ಲಿ ತೀರಿಕೊಂಡರು. ಅದೇ ವರ್ಷ ನವೆಂಬರ್‌ನಲ್ಲಿ ಬಿಪಿನ್ ಬಿಹಾರಿ ಮೇಧಾವಿ ಅನ್ನುವ ಬಂಗಾಳಿ ವಕೀಲರ ಜೊತೆ ರಿಜಿಸ್ಟರ್ ಮದುವೆಯಾಯಿತು. ವರ ಬ್ರಾಹ್ಮಣರಲ್ಲ, ಹಂಗಾಗಿ ಎರಡೂ ಕಡೆ ಸಿಟ್ಟು. ಅಸ್ಸಾಂನ ಸಿಲ್ಚರ್‌ನಲ್ಲಿ ಸಂಸಾರ. ಗಂಡನ ಪುಸ್ತಕಗಳ ನಡುವೆ ಬಂಗಾಳಿಯ ಲೂಕನ ಸುವಾರ್ತೆ ಸಿಕ್ಕಿತು. ಅಲ್ಲಿದ್ದ ಬ್ಯಾಪ್ಟಿಸ್ಟ್ ಪಾದ್ರಿಯೊಬ್ಬರು ಬಂದು ಬೈಬಲ್ ವಿವರಿಸತೊಡಗಿದರು. ರಮಾಬಾಯಿಗೆ ಹಿಡಿಸಿತು, ಗಂಡನಿಗೆ ಇಷ್ಟವಾಗಲಿಲ್ಲ. 1881ರ ಏಪ್ರಿಲ್‌ನಲ್ಲಿ ಮಗಳು ಮನೋರಮಾ ಹುಟ್ಟಿದರು. 1882ರ ಫೆಬ್ರವರಿಯಲ್ಲಿ ಕಾಲರಾ ಬಂದು ಗಂಡ ಹೋದರು. ಮದುವೆಯಾಗಿ ಹದಿನೈದು ತಿಂಗಳೂ ಪೂರ್ತಿಯಾಗಿರಲಿಲ್ಲ. 23ರ ವಿಧವೆ, ಕೈಯಲ್ಲಿ ಹತ್ತು ತಿಂಗಳ ಕೂಸು.

ಪುಣೆಗೆ ಬಂದವರು ಸುಮ್ಮನೆ ಕೂರಲಿಲ್ಲ. ಆರ್ಯ ಮಹಿಳಾ ಸಮಾಜ ಕಟ್ಟಿದರು. 1882ರಲ್ಲಿ ಹಂಟರ್ ಶಿಕ್ಷಣ ಆಯೋಗದ ಮುಂದೆ ನಿಂತು, ಹೆಣ್ಣುಮಕ್ಕಳಿಗೆ ಮಹಿಳಾ ಶಿಕ್ಷಕಿಯರು ಬೇಕು, ಮಹಿಳಾ ವೈದ್ಯರು ಬೇಕು ಅಂತ ಸಾಕ್ಷ್ಯ ಕೊಟ್ಟರು. ತಾವೇ ಡಾಕ್ಟರ್ ಆಗಬೇಕು ಅನ್ನುವ ಆಸೆಯಿಂದ, ಮರಾಠಿಯಲ್ಲಿ ಬರೆದ ಸ್ತ್ರೀಧರ್ಮನೀತಿ ಪುಸ್ತಕದ ಹಣ ಕೂಡಿಸಿ, 1883ರಲ್ಲಿ ಇಂಗ್ಲೆಂಡ್ ಹಡಗು ಹತ್ತಿದರು.

ಬಾವಿಕಟ್ಟೆಯ ಹೆಣ್ಣಿನ ಕಥೆ

ಡಾಕ್ಟರ್ ಆಗುವ ಕನಸು ಅಲ್ಲಿ ಮುರಿಯಿತು. ಕಿವಿ ಮಂದವಾಗಿತ್ತು, ವೈದ್ಯಕೀಯ ಓದಿಗೆ ಆಗಲಿಲ್ಲ. ವಾಂಟೇಜ್ ಊರಿನ ಆಂಗ್ಲಿಕನ್ ಸಿಸ್ಟರುಗಳ ಆಶ್ರಮದಲ್ಲಿ ಉಳಿದರು. ಜೊತೆಗೆ ಬಂದಿದ್ದ ಗೆಳತಿ ಆನಂದಿಬಾಯಿ ಭಗತ್ ಪರದೇಶದಲ್ಲಿ ಮನಸ್ಸು ಕದಡಿ ಅಲ್ಲೇ ದುರಂತ ಸಾವು ಕಂಡರು. ಆ ಪೆಟ್ಟಿನ ನಡುವೆಯೇ ರಮಾಬಾಯಿಯ ಹುಡುಕಾಟ ಒಂದು ತಿರುವು ತಗೊಂಡಿತು.

ಲಂಡನ್ನಿನ ಫುಲ್‌ಹ್ಯಾಮ್‌ನಲ್ಲಿ ಅದೇ ಸಿಸ್ಟರುಗಳು ನಡೆಸುತ್ತಿದ್ದ ಒಂದು ಮನೆ ನೋಡಲು ಹೋದರು. ಸಮಾಜ ಕೆಟ್ಟವರು ಅಂತ ಹೊರಗೆ ಹಾಕಿದ ಹೆಂಗಸರನ್ನು ಅಲ್ಲಿ ಗೌರವದಿಂದ ಸಾಕುತ್ತಿದ್ದರು. ಇಂಥ ಹೆಂಗಸರನ್ನು ಯಾರಾದರೂ ಹಿಂಗೆ ನೋಡಿಕೊಳ್ಳುವುದನ್ನು ರಮಾಬಾಯಿ ಅಲ್ಲಿಯವರೆಗೆ ಕಂಡಿರಲಿಲ್ಲ. ಯಾಕೆ ಮಾಡ್ತೀರಿ ಅಂತ ಕೇಳಿದಾಗ ಸಿಸ್ಟರ್ ಒಬ್ಬರು ಯೋಹಾನನ ಸುವಾರ್ತೆಯ ನಾಲ್ಕನೆಯ ಅಧ್ಯಾಯ ತೆರೆದು ಓದಿದರು. ಸಮಾರ್ಯದ ಹೆಣ್ಣು ಬಾವಿಗೆ ನೀರಿಗೆ ಬಂದಾಗ ಯೇಸು ಆಕೆಯ ಜೊತೆ ಕುಳಿತು ಮಾತಾಡುವ ಕಥೆ. ಊರು ದೂರ ಇಟ್ಟ ಹೆಣ್ಣಿನ ಹತ್ತಿರ ಯೇಸು ನೀರು ಕೇಳುತ್ತಾನೆ. ದೇವರನ್ನು ಎಲ್ಲಿ ಆರಾಧಿಸಬೇಕು ಅನ್ನುವ ದೊಡ್ಡ ಮಾತನ್ನು ಆಕೆಯ ಜೊತೆಗೇ ಆಡುತ್ತಾನೆ. ಎಲ್ಲ ಕ್ಷೇತ್ರ ಸುತ್ತಿ ಬಂದಿದ್ದ ರಮಾಬಾಯಿಗೆ ಈ ಕಥೆ ನೇರ ಎದೆಗೆ ತಟ್ಟಿತು. 1883ರ ಸೆಪ್ಟೆಂಬರ್ 29ರಂದು ಮಗಳ ಜೊತೆ ದೀಕ್ಷಾಸ್ನಾನ ಪಡೆದರು.

ಇದರಿಂದ ಪುಣೆಯಲ್ಲಿ ದೊಡ್ಡ ಗದ್ದಲ ಎದ್ದಿತು. ಮೆಚ್ಚಿದವರೇ ಬೈಯ್ದರು. ಆದ್ರೆ ಇಂಗ್ಲೆಂಡಿನ ಚರ್ಚಿನವರಿಗೂ ರಮಾಬಾಯಿ ಸುಲಭದ ಶಿಷ್ಯೆ ಆಗಲಿಲ್ಲ. ಸಸ್ಯಾಹಾರ ಬಿಡಲಿಲ್ಲ. ಕೊರಳಿನ ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರ ಯಾಕೆ, ಸಂಸ್ಕೃತ ಯಾಕಾಗಬಾರದು ಅಂತ ಕೇಳಿದರು. ಚೆಲ್ಟನ್‌ಹ್ಯಾಮ್ ಕಾಲೇಜಿನಲ್ಲಿ ಗಂಡು ವಿದ್ಯಾರ್ಥಿಗಳಿಗೆ ಪಾಠ ಮಾಡಬಾರದು ಅಂತ ಬಿಷಪ್ಪರು ತಕರಾರು ತೆಗೆದಾಗ ನೇರ ಉತ್ತರ ಬರೆದರು. ತ್ರಿಯೇಕತ್ವದ ಸಿದ್ಧಾಂತ ತಿಳಿಯದೆ ಒಪ್ಪಿಕೊಳ್ಳಲಾರೆ ಅಂದರು. ಒಬ್ಬ ಪುರೋಹಿತರ ಹಿಡಿತದಿಂದ ಹೊರಬಂದದ್ದು ಇನ್ನೊಬ್ಬರ ಹಿಡಿತಕ್ಕೆ ಬೀಳಲಿಕ್ಕಲ್ಲ ಅನ್ನುವುದು ಅವರ ನಿಲುವು. ಮಾರ್ಗದರ್ಶನ ಬೇಕಿತ್ತು, ಆದ್ರೆ ಕಣ್ಣು ಮುಚ್ಚಿ ನಡೆಯುವ ಮಾರ್ಗದರ್ಶನ ಬ್ಯಾಡವಾಗಿತ್ತು.

ಎಂಟು ವರ್ಷದ ನಂತರ ಸಿಕ್ಕ ವಿಶ್ರಾಂತಿ

1886ರಲ್ಲಿ ಅಮೆರಿಕಕ್ಕೆ ಹೋದರು. ಡಾಕ್ಟರ್ ಪದವಿ ಪಡೆಯುತ್ತಿದ್ದ ಬಂಧು ಆನಂದಿಬಾಯಿ ಜೋಶಿಯ ಸಮಾರಂಭ ನೋಡಲು ಹೋದವರು ಎರಡು ವರ್ಷಕ್ಕೂ ಹೆಚ್ಚು ಊರೂರು ಸುತ್ತಿ ಭಾಷಣ ಮಾಡಿದರು. ಭಾರತದ ಮೇಲ್ಜಾತಿ ವಿಧವೆಯರ ಬದುಕಿನ ಬಗ್ಗೆ ಇಂಗ್ಲಿಷಿನಲ್ಲಿ ಬರೆದ ಪುಸ್ತಕ 1887ರಲ್ಲಿ ಬಂತು. ಬೋಸ್ಟನ್‌ನಲ್ಲಿ ರಮಾಬಾಯಿ ಅಸೋಸಿಯೇಷನ್ ಹುಟ್ಟಿತು, ಹತ್ತು ವರ್ಷ ಹಣ ಕೊಡುವ ಮಾತಾಯಿತು. 1889ರ ಮಾರ್ಚ್ 11ರಂದು ಮುಂಬೈಯಲ್ಲಿ ಶಾರದಾ ಸದನ ತೆರೆಯಿತು. ಮರುವರ್ಷ ಅದು ಪುಣೆಗೆ ಬಂತು. ಇಲ್ಲಿಗೆ ಬಂದ ಮೊದಮೊದಲ ವಿಧವೆಯರಲ್ಲಿ ಒಬ್ಬರಾದ ಗೋದೂಬಾಯಿ ಮುಂದೆ ಧೋಂಡೋ ಕೇಶವ ಕರ್ವೆಯವರನ್ನು ಮದುವೆಯಾದರು. ಕರ್ವೆಯವರು ಕಟ್ಟಿದ ಮಹಿಳಾ ವಿಶ್ವವಿದ್ಯಾಲಯ ಇಂದಿಗೂ ಇದೆ.

ಹೊರಗಿನಿಂದ ನೋಡಿದರೆ ಎಲ್ಲವೂ ಸರಿ. ಹೆಸರು ಇತ್ತು, ಹಣ ಬರುತ್ತಿತ್ತು, ಕೆಲಸ ನಡೆದಿತ್ತು. ಒಳಗೆ ಮಾತ್ರ ನೆಮ್ಮದಿ ಇರಲಿಲ್ಲ. ದೀಕ್ಷಾಸ್ನಾನವಾಗಿ ಎಂಟು ವರ್ಷ ಕಳೆದಿತ್ತು. ಪ್ರಾರ್ಥನೆ ಇತ್ತು, ಬೈಬಲ್ ಓದು ಇತ್ತು, ಸಿದ್ಧಾಂತದ ಚರ್ಚೆಯಂತೂ ಬೇಕಾದಷ್ಟು. ಇದೆಲ್ಲ ಇದ್ದೂ, ಚಿಕ್ಕಂದಿನ ತೀರ್ಥಯಾತ್ರೆಯಲ್ಲಿದ್ದ ಅದೇ ತಳಮಳ ಒಳಗೆ ಉಳಿದೇ ಇತ್ತು.

1891ರ ಸುಮಾರಿಗೆ ವಿಲಿಯಂ ಹ್ಯಾಸ್ಲಮ್ ಅನ್ನುವ ಇಂಗ್ಲಿಷ್ ಪಾದ್ರಿಯ ಆತ್ಮಕಥೆ ಅವರ ಕೈಗೆ ಬಂತು. ಹ್ಯಾಸ್ಲಮ್ ವರ್ಷಗಟ್ಟಲೆ ಪಾದ್ರಿಯಾಗಿ ಕೆಲಸ ಮಾಡಿ, ಒಂದು ಭಾನುವಾರ ತಮ್ಮದೇ ಪ್ರವಚನದ ನಡುವೆ, ತಾನು ಹೇಳುತ್ತಿರುವುದನ್ನು ತಾನೇ ನಂಬಿಲ್ಲ ಅಂತ ಅರಿತು ಬದಲಾದವರು. ಅದನ್ನು ಓದುತ್ತಿದ್ದಂತೆ ರಮಾಬಾಯಿಗೆ ತಮ್ಮ ಮುಖವೇ ಕಂಡಂತಾಯಿತು. ತಮಗೆ ಸಿಕ್ಕಿದ್ದು ಕ್ರೈಸ್ತ ಧರ್ಮ, ಕ್ರಿಸ್ತನಲ್ಲ ಅಂತ ಅವರಿಗೆ ಹೊಳೆಯಿತು. ಧರ್ಮ ಬದಲಿಸಿದ್ದೇನೆ, ಪುಸ್ತಕ ಬದಲಿಸಿದ್ದೇನೆ, ಆದ್ರೆ ಇನ್ನೂ ನನ್ನ ಪುಣ್ಯವನ್ನು ನಾನೇ ಗಳಿಸಬೇಕು ಅಂತ ಒದ್ದಾಡುತ್ತಿದ್ದೇನೆ ಅನ್ನುವ ತಿಳಿವಳಿಕೆ ಅದು.

ಆ ಮೇಲೆ ಆದದ್ದನ್ನು ಅವರು ಬಹಳ ಸರಳವಾಗಿ ನೆನೆದಿದ್ದಾರೆ. ಹೊರೆ ಇಳಿಸಿದರು, ಅಷ್ಟೇ. ಕ್ಷಮೆ ಗಳಿಸುವ ಸಂಗತಿ ಅಲ್ಲ, ಕೊಟ್ಟಾಗ ತಗೊಳ್ಳುವ ಸಂಗತಿ ಅಂತ ಒಪ್ಪಿಕೊಂಡರು. ಕಷ್ಟಪಟ್ಟು ಭಾರ ಹೊತ್ತವರೆಲ್ಲ ನನ್ನ ಹತ್ತಿರ ಬನ್ನಿ ಅನ್ನುವ ಯೇಸುವಿನ ಕರೆಯನ್ನು ಅದುವರೆಗೆ ಓದಿದ್ದರು, ಈಗ ಹತ್ತಿರ ಹೋದರು. ಮುಂದೆ ಜಾರ್ಜ್ ಮುಲ್ಲರ್, ಹಡ್ಸನ್ ಟೇಲರ್ ಅಂಥವರ ಜೀವನಚರಿತ್ರೆ ಓದಿದಾಗ, ಈ ವಿಶ್ರಾಂತಿ ಅಂದ್ರೆ ಕೈಕಟ್ಟಿ ಕೂರುವುದಲ್ಲ ಅಂತಲೂ ತಿಳಿಯಿತು. ನಾಳೆಯ ಚಿಂತೆ ದೇವರಿಗೆ ಬಿಟ್ಟವರು ಇವತ್ತಿನ ಕೆಲಸಕ್ಕೆ ಪೂರ್ತಿ ಸಿಗುತ್ತಾರೆ.

ತೆರೆದ ಬಾಗಿಲು, ಕಳಚಿದ ಗೆಳೆತನ

ಈ ನೆಮ್ಮದಿಗೆ ಬೆಲೆಯೂ ತೆರಬೇಕಾಯಿತು. ಶಾರದಾ ಸದನದಲ್ಲಿ ಧರ್ಮದ ಪಾಠ ಇರಬಾರದು ಅನ್ನುವುದು ಮೊದಲಿನ ಕರಾರು. ರಮಾಬಾಯಿ ತರಗತಿಯಲ್ಲಿ ಕಲಿಸಲಿಲ್ಲ. ಆದ್ರೆ ತಮ್ಮ ಕೋಣೆಯಲ್ಲಿ ಮಗಳ ಜೊತೆ ಪ್ರಾರ್ಥನೆ ಮಾಡುವಾಗ ಬಾಗಿಲು ಮುಚ್ಚಲಿಲ್ಲ. ಹುಡುಗಿಯರು ಒಬ್ಬೊಬ್ಬರಾಗಿ ಬಂದು ಕೂರತೊಡಗಿದರು. ಸುದ್ದಿ ಹೊರಗೆ ಹೋಯಿತು. ತಿಲಕರ ಕೇಸರಿ ಪತ್ರಿಕೆ ಕಟುವಾಗಿ ಬರೆಯಿತು. 1893ರಲ್ಲಿ ನ್ಯಾಯಮೂರ್ತಿ ರಾನಡೆ, ಆರ್.ಜಿ. ಭಂಡಾರ್ಕರ್ ಅವರಂಥ ದೊಡ್ಡವರು ಸಲಹಾ ಮಂಡಳಿಯಿಂದ ಹೊರನಡೆದರು. ಹಲವು ಪೋಷಕರು ಹುಡುಗಿಯರನ್ನು ಕರೆದೊಯ್ದರು.

ಈ ಜಗಳದಲ್ಲಿ ಎರಡೂ ಕಡೆ ಮಾತಿದೆ. ನಂಬಿ ಮಕ್ಕಳನ್ನು ಬಿಟ್ಟ ಪೋಷಕರಿಗೆ, ಹಣ ಮತ್ತು ಹೆಸರು ಕೊಟ್ಟ ಸುಧಾರಕರಿಗೆ ಮಾತು ತಪ್ಪಿದಂತೆ ಕಂಡಿತು. ತಮ್ಮ ಮನೆಯಲ್ಲಿ ತಾವು ಪ್ರಾರ್ಥಿಸಲಿಕ್ಕೂ ಬಾಗಿಲು ಹಾಕಬೇಕೆ ಅನ್ನುವುದು ರಮಾಬಾಯಿಯ ಪ್ರಶ್ನೆ. ಅವತ್ತಿನ ಆ ವಾದ ಇಂದಿಗೂ ಮುಗಿದಿಲ್ಲ. ಆದ್ರೆ ಅವತ್ತು ಕಳೆದ ಪುಣೆಯ ಗೆಳೆತನಗಳು ಮತ್ತೆ ಮೊದಲಿನಂತೆ ಕೂಡಲಿಲ್ಲ.

ಬರಗಾಲದ ಕರೆ

ಪುಣೆಯಿಂದ ಸುಮಾರು 34 ಮೈಲಿ ದೂರದ ಕೇಡಗಾಂವ್‌ನಲ್ಲಿ ರಮಾಬಾಯಿ ನೂರು ಎಕರೆಯಷ್ಟು ಜಮೀನು ಕೊಂಡಿದ್ದರು. ಹಣ್ಣಿನ ತೋಟ ಮಾಡಿ, ಬಂದ ಆದಾಯದಲ್ಲಿ ಸದನ ನಡೆಸುವ ವಿಚಾರ. ಬಾವಿ ತೋಡಿಸಿ, ಮಾವು, ಕಿತ್ತಳೆ, ನಿಂಬೆ ಹಚ್ಚಿಸಿದರು. ಗಿಡ ನೆಟ್ಟು ಫಲಕ್ಕೆ ವರ್ಷಗಟ್ಟಲೆ ಕಾಯುವುದು ಎಷ್ಟು ಧೈರ್ಯದ ಕೆಲಸ ಅನ್ನುವುದನ್ನು ಕಮಲಾಪುರದ ಕೆಂಪು ಬಾಳೆ ಬೆಳೆಯುವ ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಗಿಡಗಳು ಬೆಳೆಯುವ ಮೊದಲೇ ಬರ ಬಂತು. 1896ರಲ್ಲಿ ಮಧ್ಯ ಪ್ರಾಂತ್ಯದಲ್ಲಿ ಮಂದಿ ಸಾಯುತ್ತಿರುವ ಸುದ್ದಿ ಓದಿದಾಗ ರಮಾಬಾಯಿಗೆ ಇಪ್ಪತ್ತು ವರ್ಷದ ಹಿಂದಿನ ತಮ್ಮ ಕುಟುಂಬ ನೆನಪಾಯಿತು. ಅನಾಥ ಹುಡುಗಿಯರು ಯಾರ ಕೈಗೆ ಬೀಳುತ್ತಾರೆ ಅನ್ನುವುದು ಅವರಿಗೆ ಗೊತ್ತಿತ್ತು. ಕೈಯಲ್ಲಿ ಹಣ ಕಡಿಮೆ. ಕರೆತಂದರೆ ಇಡಲು ಕೋಣೆ ಇಲ್ಲ. ಆದರೂ ರೈಲು ಹತ್ತಿ ಹೋದರು. ಒಟ್ಟು ಮುನ್ನೂರರಷ್ಟು ಹುಡುಗಿಯರನ್ನು, ವಿಧವೆಯರನ್ನು ಕರೆತಂದರು. ಪುಣೆಯಲ್ಲಿ ಪ್ಲೇಗ್ ಸಮಯ, ಅಧಿಕಾರಿಗಳು ಊರೊಳಗೆ ಇಡಲು ಬಿಡಲಿಲ್ಲ. ಎಲ್ಲರನ್ನೂ ಕೇಡಗಾಂವ್ ಹೊಲಕ್ಕೆ ಕರೆದೊಯ್ದು ಡೇರೆ ಹಾಕಿದರು. 1898ರಲ್ಲಿ ಆ ಜಾಗಕ್ಕೆ ಮುಕ್ತಿ ಅನ್ನುವ ಹೆಸರು ನಿಂತಿತು.

1900ರಲ್ಲಿ ಗುಜರಾತಿನ ಬರದಿಂದ ಇನ್ನೂ ನೂರಾರು ಮಂದಿ ಬಂದರು. ಒಟ್ಟು ಸಂಖ್ಯೆ ಸುಮಾರು 1,500ಕ್ಕೆ ಹೋಯಿತು, ಕೊಟ್ಟಿಗೆಯಲ್ಲಿ ನೂರಕ್ಕೂ ಹೆಚ್ಚು ದನ. ಇಷ್ಟು ಜನಕ್ಕೆ ದಿನಾ ಊಟ ಹೊಂದಿಸಬೇಕು. ತಪ್ಪದೆ ಬರುತ್ತದೆ ಅನ್ನುವ ಆದಾಯ ಇಲ್ಲ. ಬೆಳಗ್ಗೆ ಪ್ರಾರ್ಥನೆ, ಆಮೇಲೆ ಲೆಕ್ಕದ ಪುಸ್ತಕ, ಆಮೇಲೆ ಹೊಲ, ಅಡುಗೆ ಮನೆ, ತರಗತಿ ಹೀಗೆ ದಿನ ನಡೆಯಿತು. ಹುಡುಗಿಯರು ನೇಯ್ಗೆ, ಹೊಲಿಗೆ, ಎಣ್ಣೆ ಗಾಣ, ಹೈನುಗಾರಿಕೆ, ಅಚ್ಚು ಮೊಳೆ ಜೋಡಿಸುವುದು ಎಲ್ಲ ಕಲಿತರು. ಕುರುಡರಿಗೆ ಬಾರ್ತಿಮಾಯ ಸದನ, ಸಮಾಜ ಹೊರಗೆ ಹಾಕಿದ ಹೆಂಗಸರಿಗೆ ಕೃಪಾ ಸದನ, ಮುದುಕಿಯರಿಗೆ ಪ್ರೀತಿ ಸದನ. ಮಗಳು ಮನೋರಮಾ ಬ್ರೈಲ್ ಕಲಿತು ಬಂದು ಕುರುಡ ಹುಡುಗಿಯರಿಗೆ ಓದು ಹೇಳಿಕೊಟ್ಟರು. ಫುಲ್‌ಹ್ಯಾಮ್‌ನ ಆ ಮನೆಯಲ್ಲಿ ಕಂಡದ್ದನ್ನು ರಮಾಬಾಯಿ ಇಲ್ಲಿ ಹತ್ತು ಪಟ್ಟು ಮಾಡಿ ತೋರಿಸಿದರು.

1905ರ ಜೂನ್ ಕೊನೆಯಲ್ಲಿ ಮುಕ್ತಿಯ ಹುಡುಗಿಯರಲ್ಲಿ ದೊಡ್ಡ ಉಜ್ಜೀವನ ಎದ್ದಿತು. ಗುಂಪಾಗಿ ಅಳುವುದು, ತಪ್ಪು ಒಪ್ಪಿಕೊಳ್ಳುವುದು, ಗಂಟೆಗಟ್ಟಲೆ ಎಲ್ಲರೂ ಒಟ್ಟಿಗೆ ಗಟ್ಟಿಯಾಗಿ ಪ್ರಾರ್ಥಿಸುವುದು. ಗದ್ದಲ ಹೆಚ್ಚಾಯಿತು ಅಂತ ಕೆಲವರು ಆಕ್ಷೇಪ ಎತ್ತಿದರು. ಭಾರತದ ಹೆಣ್ಣುಮಕ್ಕಳು ತಮ್ಮ ರೀತಿಯಲ್ಲಿ ದೇವರನ್ನು ಕರೆಯಲಿ, ಪರದೇಶದ ಶಿಸ್ತೇ ಇರಬೇಕು ಅಂತೇನಿಲ್ಲ ಅನ್ನುವುದು ರಮಾಬಾಯಿಯ ಉತ್ತರವಾಗಿತ್ತು. ಶಿಲುಬೆ ಮೇಲೆ ಸಂಸ್ಕೃತ ಕೇಳಿದ ಹುಡುಗಿ ಇನ್ನೂ ಬದಲಾಗಿರಲಿಲ್ಲ.

ಗುಲ್ಬರ್ಗದಲ್ಲಿ ಹೈಸ್ಕೂಲ್

ಕೇಡಗಾಂವ್ ಮತ್ತು ಗುಲ್ಬರ್ಗ ಒಂದೇ ರೈಲು ಹಳಿಯ ಮೇಲಿನ ಊರುಗಳು. ಗುಲ್ಬರ್ಗ ಆಗ ಹೈದರಾಬಾದ್ ನಿಜಾಮರ ಆಡಳಿತದಲ್ಲಿತ್ತು. ಕಚೇರಿ ಭಾಷೆ ಉರ್ದು, ಮನೆ ಭಾಷೆ ಕನ್ನಡ, ಮರಾಠಿ, ತೆಲುಗು. ಶಾಲೆಯಂತೂ ಬಹಳ ಮಂದಿಗೆ ದೂರದ ಮಾತು, ಹೆಣ್ಣುಮಕ್ಕಳಿಗೆ ಇನ್ನೂ ದೂರ. ಹಿಂದುಳಿದ ಜಿಲ್ಲೆ ಅಂತಲೇ ಇಲ್ಲಿ ಕೆಲಸ ಮಾಡಬೇಕು ಅಂತ ರಮಾಬಾಯಿ ತೀರ್ಮಾನಿಸಿದರು. 1912ರ ಹೊತ್ತಿಗೆ ಇಲ್ಲಿ ಕ್ರಿಶ್ಚಿಯನ್ ಹೈಸ್ಕೂಲ್ ಆರಂಭವಾಯಿತು. ಮನೋರಮಾ ಅದರ ಪ್ರಿನ್ಸಿಪಾಲ್ ಆದರು.

ಮನೋರಮಾ ಮುಂಬೈ ವಿಶ್ವವಿದ್ಯಾಲಯದ ಬಿ.ಎ. ಮಾಡಿದವರು, ಅಮೆರಿಕದಲ್ಲೂ ಓದಿದವರು. ಬೇಕಾದ ಊರಿನಲ್ಲಿ ಸುಖವಾಗಿರಬಹುದಿತ್ತು. ತಾಯಿಯ ಬಲಗೈಯಾಗಿ ಮುಕ್ತಿಯ ಕೆಲಸ ನೋಡಿಕೊಳ್ಳುತ್ತಾ ಗುಲ್ಬರ್ಗದ ಶಾಲೆಯನ್ನೂ ಹೆಗಲಿಗೆ ಹಾಕಿಕೊಂಡರು. ಆರು ತಿಂಗಳ ಕೂಸಾಗಿ ಪೆಟ್ಟಿಗೆಯಲ್ಲಿ ಕನ್ನಡ ನೆಲ ಬಿಟ್ಟು ಹೊರಟ ರಮಾಬಾಯಿ, 54ನೆಯ ವಯಸ್ಸಿನಲ್ಲಿ ಒಂದು ಶಾಲೆಯ ರೂಪದಲ್ಲಿ ಮತ್ತೆ ಕನ್ನಡ ಮಂದಿಯ ನಡುವೆ ಬಂದಂತಾಯಿತು.

ಈ ಊರಿಗೆ ನೆಮ್ಮದಿ ಹುಡುಕಿ ಬರುವ ಮಂದಿ ಹೊಸಬರಲ್ಲ. ಖಾಜಾ ಬಂದೇ ನವಾಜರ ದರ್ಗಾದಲ್ಲಿ ಆರು ಶತಮಾನದಿಂದ ಮಂದಿ ಹೊರೆ ಇಳಿಸುತ್ತಿದ್ದಾರೆ. ಶರಣಬಸವೇಶ್ವರರು ದಾಸೋಹದಿಂದಲೇ ಹೆಸರಾದವರು, ಹಸಿದು ಬಂದವರಿಗೆ ಮೊದಲು ಊಟ, ಆಮೇಲೆ ಮಾತು. ರಮಾಬಾಯಿ ಹಿಡಿದ ದಾರಿ ಬೇರೆ. ಆದ್ರೆ ದೇವರ ಹತ್ತಿರ ಸಿಕ್ಕ ಶಾಂತಿ ಹಸಿದವರ ತಟ್ಟೆಗೆ ಬರಬೇಕು ಅನ್ನುವ ಮಾತು ಕಲಬುರಗಿ ಮಂದಿಗೆ ಹೊಸದಾಗಿ ಕೇಳಿಸುವುದಿಲ್ಲ.

ಕೊನೆಯ ಕೆಲಸ

ಬದುಕಿನ ಕೊನೆಯ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ರಮಾಬಾಯಿ ಬೈಬಲ್ಲನ್ನು ಮರಾಠಿಗೆ ಅನುವಾದಿಸುವ ಕೆಲಸದಲ್ಲಿ ಮುಳುಗಿದರು. ಆಗಲೇ ಮರಾಠಿ ಬೈಬಲ್ ಇತ್ತು. ಆದ್ರೆ ಅದು ಓದಿದವರ ಭಾಷೆ, ಹಳ್ಳಿ ಹೆಂಗಸಿಗೆ ತಿಳಿಯದು ಅನ್ನುವುದು ಅವರ ಅನುಭವ. ಕಲ್ಕತ್ತಾದಲ್ಲಿ ಸಂಸ್ಕೃತ ಬೈಬಲ್ ತಿಳಿಯದೆ ಪಕ್ಕಕ್ಕಿಟ್ಟದ್ದು ಅವರಿಗೆ ನೆನಪಿತ್ತು. ಅದಕ್ಕಾಗಿ ಹೀಬ್ರೂ, ಗ್ರೀಕ್ ಕಲಿತರು. ಮುಕ್ತಿಯ ಪ್ರೆಸ್ಸಿನಲ್ಲಿ ಹೆಂಗಸರೇ ಮೊಳೆ ಜೋಡಿಸಿ, ಪ್ರೂಫ್ ತಿದ್ದಿ, ಅಚ್ಚು ಹಾಕಿದರು.

1919ರಲ್ಲಿ ಸರ್ಕಾರ ಕೈಸರ್-ಎ-ಹಿಂದ್ ಪದಕ ಕೊಟ್ಟಿತು. ಆರೋಗ್ಯ ಕುಸಿಯುತ್ತಿತ್ತು, ಕಿವಿ ಇನ್ನೂ ಮಂದವಾಗಿತ್ತು. ತಮ್ಮ ನಂತರ ಮುಕ್ತಿಯನ್ನು ಮನೋರಮಾ ನಡೆಸಬೇಕು ಅಂತ ನಿರ್ಧರಿಸಿದ್ದರು. ಆದ್ರೆ 1921ರ ಜುಲೈನಲ್ಲಿ, ನಲವತ್ತರ ವಯಸ್ಸಿನಲ್ಲಿ, ಮಗಳೇ ಮೊದಲು ಹೋದರು. ತಂದೆ, ತಾಯಿ, ಅಕ್ಕ, ಅಣ್ಣ, ಗಂಡ, ಈಗ ಮಗಳು. ಎಲ್ಲರನ್ನೂ ಕಳೆದುಕೊಂಡ ಮೇಲೂ ರಮಾಬಾಯಿ ಅನುವಾದದ ಮೇಜು ಬಿಡಲಿಲ್ಲ. ಮಗಳು ಹೋಗಿ ಒಂಬತ್ತು ತಿಂಗಳು ತುಂಬುವ ಮೊದಲೇ, 1922ರ ಏಪ್ರಿಲ್ 5ರಂದು ಮುಕ್ತಿಯಲ್ಲೇ ಕೊನೆಯುಸಿರೆಳೆದರು. ಅವರ ಮರಾಠಿ ಬೈಬಲ್ 1924ರಲ್ಲಿ ಪೂರ್ತಿಯಾಗಿ ಹೊರಬಂತು.

1989ರಲ್ಲಿ ಭಾರತದ ಅಂಚೆ ಇಲಾಖೆ ಅವರ ಹೆಸರಿನಲ್ಲಿ ಅಂಚೆಚೀಟಿ ತಂದಿತು. ಆಂಗ್ಲಿಕನ್ ಚರ್ಚುಗಳ ಪಂಚಾಂಗದಲ್ಲಿ ಅವರ ಸ್ಮರಣೆಯ ದಿನ ಇದೆ. ಒಂದು ಕಾಲಕ್ಕೆ ಅವರ ಜೊತೆ ವಾದಕ್ಕಿಳಿದ ಸಭೆಗಳೇ ಇವತ್ತು ಅವರನ್ನು ನೆನೆಯುತ್ತವೆ. ಕೇಡಗಾಂವ್‌ನಲ್ಲಿ ಮುಕ್ತಿಯ ಕೆಲಸ ಈಗಲೂ ನಡೆಯುತ್ತಿದೆ.

ಭಾನುವಾರ ಆರಾಧನೆಗೆ ಹೋಗುವ ಕಲಬುರಗಿ, ಕಮಲಾಪುರದ ಕ್ರೈಸ್ತ ಕುಟುಂಬಗಳಿಗೆ ರಮಾಬಾಯಿಯ ಬದುಕಿನಲ್ಲಿ ಒಂದು ಸಮಾಧಾನ ಇದೆ. ಸ್ನಾನವಾಗಿ, ಪ್ರಾರ್ಥನೆ ಕಲಿತು, ಹೆಸರು ಮಾಡಿದ ಮೇಲೂ ಮನಸ್ಸು ನಿಲ್ಲದಿದ್ದರೆ ಅದು ನಾಚಿಕೆಯ ಸಂಗತಿಯಲ್ಲ. ಅಷ್ಟು ಓದಿದ ಪಂಡಿತೆಗೇ ಎಂಟು ವರ್ಷ ಬೇಕಾಯಿತು. ಬೇರೆ ನಂಬಿಕೆಯವರಿಗೂ ಇಲ್ಲಿ ಒಂದು ಮಾತಿದೆ. ನೆಮ್ಮದಿ ಸಿಕ್ಕಿದೆ ಅನ್ನುವುದನ್ನು ರಮಾಬಾಯಿ ಬಾಯಲ್ಲಿ ಹೇಳಿದ್ದಕ್ಕಿಂತ ಹೆಚ್ಚಾಗಿ, ತಾಯಿಗೆ ತಿನ್ನಿಸಲಾಗದ ಆ ಒಂದು ತುಂಡು ರೊಟ್ಟಿಯನ್ನು ಮುಂದೆ ಸಾವಿರಾರು ಮಂದಿಗೆ ಬಡಿಸಿ ತೋರಿಸಿದರು.